ಫೋನಿನ ಸಾಥ್

ತಬಲಾ ಒಬ್ಬರೇ ಕೂತು ಬಾರಿಸುವ ವಾದ್ಯವಲ್ಲ. ಬಾರಿಸಬಹುದು, ಆದರೆ ಸ್ವಲ್ಪ ಹೊತ್ತಿಗೆ ನಾವೆಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಹಾಡುವವರಿಗೆ ಸಾಥ್ ಕೊಡುವಾಗ ಹಾಡೇ ದಾರಿ ತೋರಿಸುತ್ತದೆ. ಸೋಲೋ ಬಾರಿಸುವಾಗ, ಮನೆಯಲ್ಲಿ ರಿಯಾಜ್ ಮಾಡುವಾಗ, ಲೆಹರಾ ಬೇಕು. ಲೆಹರಾ ಅಂದರೆ ಹಾರ್ಮೋನಿಯಂ ಮೇಲೋ ಸಾರಂಗಿಯ ಮೇಲೋ ನುಡಿಸುವ, ತಾಳದ ಒಂದು ಆವರ್ತನದಷ್ಟೇ ಉದ್ದದ ಧಾಟಿ. ತೀನ್‌ತಾಲವಾದರೆ ಹದಿನಾರು ಮಾತ್ರೆ. ಮುಗಿದಲ್ಲಿಂದ ಮತ್ತೆ ಶುರು. ತಬಲಾದವರು ಕಾಯ್ದಾ, ರೇಲಾ, ತುಕಡಾ ಅಂತ ಎಲ್ಲೆಲ್ಲೋ ಅಲೆದು ಸಮ್‌ಗೆ ವಾಪಸು ಬಂದಾಗ ಮನೆ ಅಲ್ಲೇ ಇರಬೇಕಲ್ಲ, ಆ ಮನೆಯೇ ಲೆಹರಾ. ಅದನ್ನು ನುಡಿಸಿದವರಿಗೆ ಚಪ್ಪಾಳೆ ಬೀಳುವುದನ್ನು ನಾನು ನೋಡಿಲ್ಲ. ಅರ್ಧ ತಾಸು ಅದೇ ಹದಿನಾರು ಮಾತ್ರೆ ನುಡಿಸುವ ತಾಳ್ಮೆ ಒಂದೋ ವೃತ್ತಿಯವರಿಗಿರುತ್ತದೆ, ಇಲ್ಲವೇ ಅಪ್ಪಂದಿರಿಗೆ.

ನನಗೆ ಲೆಹರಾ ಕೊಡುತ್ತಿದ್ದವನು ಅಪ್ಪಯ್ಯ. ಶಿರಸಿಯಿಂದ ಒಳಗೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರು ನಮ್ಮದು. ಎರಡು ಎಕರೆ ಅಡಿಕೆ ತೋಟ, ಒಂದು ಕೊಟ್ಟಿಗೆ, ಜಗಲಿಯ ಮೂಲೆಯಲ್ಲಿ ಅಜ್ಜನ ಕಾಲದ ಹಾರ್ಮೋನಿಯಂ. ನಮ್ಮ ಸೀಮೆಯಲ್ಲಿ ಇದು ವಿಶೇಷವಲ್ಲ. ಹಗಲು ತೋಟದಲ್ಲಿ ಮಣ್ಣು ಹಾಕಿದವರು ರಾತ್ರಿ ಬೈಠಕ್ಕಿನಲ್ಲಿ ಕೂತು ಬಾಗೇಶ್ರೀ ಹಾಡುತ್ತಾರೆ. ಚಂಡೆ ಮದ್ದಲೆ ಕಲಿತವರು, ಭಾಗವತಿಕೆ ಮಾಡುವವರು ನಾಲ್ಕು ಮನೆಗೊಬ್ಬರು ಸಿಗುತ್ತಾರೆ. ಯಾರೂ ಅದರಿಂದ ಹೊಟ್ಟೆ ಹೊರೆಯುವುದಿಲ್ಲ. ‘ಹವ್ಯಾಸಿ’ ಅನ್ನುವ ಶಬ್ದ ನಾನು ಕೇಳಿದ್ದು ಪೇಟೆಗೆ ಬಂದ ಮೇಲೆ. ಊರಲ್ಲಿ ಅವರನ್ನೆಲ್ಲ ‘ಹಾಡ್ತ’, ‘ಬಾರಿಸ್ತ’ ಅನ್ನುತ್ತಿದ್ದೆವು, ಅಷ್ಟೇ.

ಒಂಬತ್ತನೇ ವಯಸ್ಸಿಗೆ ನಾನು ತಬಲಾ ಕಲಿಯಲು ಹೊರಟಾಗ ‘ಕೂಸಿಗೆ ತಬಲಾ ಎಂತಕ್ಕೆ, ಹಾಡು ಕಲಿಯಲಿ’ ಅಂದವರು ಇದ್ದರು. ಅಪ್ಪಯ್ಯ ಉತ್ತರ ಕೊಡಲಿಲ್ಲ, ಹಾರ್ಮೋನಿಯಂ ಮುಂದೆ ಕೂತ. ಅವನಿಗೆ ಬರುತ್ತಿದ್ದ ಲೆಹರಾಗಳು ಎರಡೇ. ಒಂದು ಚಂದ್ರಕೌಂಸ್, ಇನ್ನೊಂದು ಯಾವ ರಾಗವೆಂದು ಅವನಿಗೂ ಖಚಿತವಿರಲಿಲ್ಲ. ಕೊನೆಕೊಯ್ಲಿನ ಕಾಲದಲ್ಲಿ, ಮನೆಯವರೆಲ್ಲ ರಾತ್ರಿ ಅಡಿಕೆ ಸುಲಿಯುವ ದಿನಗಳಲ್ಲಿ, ರಿಯಾಜ್ ಬಂದ್. ಉಳಿದ ದಿನ ಒಂಬತ್ತೂವರೆಗೆ ಅವನಿಗೆ ತೂಕಡಿಕೆ ಬರುತ್ತಿತ್ತು, ಬಲಗೈ ಮಾತ್ರ ನಡೆಯುತ್ತಿತ್ತು. ಇನ್ನೊಂದು ಚಟವಿತ್ತು. ಓಡುತ್ತಿದ್ದ. ನಾನು ತಿಹಾಯಿಗೆ ಬರುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಹುರುಪಿಗೆ ಲಯ ಏರಿಸುತ್ತಿದ್ದ. ಗುರುಗಳು ಬೈಯುತ್ತಿದ್ದದ್ದು ನನಗೆ. ‘ಮನೆಯಲ್ಲಿ ಯಾರ ಸಂಗಡ ಬಾರಿಸ್ತೀ? ಲಯ ನಿಲ್ಲೂದಿಲ್ಲ ನಿಂದು.’

ಫೋನು ಬಂದದ್ದು ಇಂಥ ಹೊತ್ತಿನಲ್ಲಿ. ಯಂತ್ರದ ಸಾಥ್ ಫೋನಿನಿಂದಲೇ ಶುರುವಾದದ್ದಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್, ಸ್ವತಃ ಕೊಳಲು ನುಡಿಸುವ ಎಂಜಿನಿಯರು, 1970ರ ದಶಕದ ಕೊನೆಗೇ ಎಲೆಕ್ಟ್ರಾನಿಕ್ ತಂಬೂರಿಯ ಕೆಲಸಕ್ಕೆ ಕೈ ಹಾಕಿದ್ದರು. ಅವರ ರಾಡೆಲ್ ಸಂಸ್ಥೆ ಆಮೇಲೆ ತಾಳದ ಪೆಟ್ಟಿಗೆ, ಲೆಹರಾ ಪೆಟ್ಟಿಗೆಗಳನ್ನೂ ಮಾಡಿತು. ಶ್ರುತಿಪೆಟ್ಟಿಗೆಯ ಬದಲು ಅಂಥದೊಂದು ಪೆಟ್ಟಿಗೆ ವೇದಿಕೆಯ ಮೇಲೆ ಕೂತದ್ದಕ್ಕೆ ಮೂಗು ಮುರಿದವರೂ ಇದ್ದರು, ಮನೆಗೆ ಒಯ್ದವರೂ ಇದ್ದರು. ಆದರೆ ಲೆಹರಾ ಪೆಟ್ಟಿಗೆ ಕೊಳ್ಳುವ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಪ್ಪಯ್ಯ ಇದ್ದನಲ್ಲ. ಫೋನಿನ ಆಪ್ ಹಾಗಲ್ಲ, ಅದು ಪುಕ್ಕಟೆ ಬಂತು, ಕಿಸೆಯಲ್ಲೇ ಕೂತಿತು. ಪಿಯುಸಿಯಲ್ಲಿದ್ದಾಗ ಗೆಳತಿಯೊಬ್ಬಳು ಹಾಕಿಕೊಟ್ಟಳು. ಮೂವತ್ತು ರಾಗದ ಲೆಹರಾ, ಯಾವ ತಾಳ ಬೇಕೋ ಆ ತಾಳ, ನಿಮಿಷಕ್ಕೆ ಎಷ್ಟು ಮಾತ್ರೆ ಬೇಕೋ ಅಷ್ಟು. ತೂಕಡಿಸುವುದಿಲ್ಲ, ಅಡಿಕೆ ಸುಲಿಯಲು ಏಳುವುದಿಲ್ಲ. ಆರು ತಿಂಗಳಲ್ಲಿ ನನ್ನ ಲಯ ನಿಂತಿತು. ಗುರುಗಳು ಖುಷಿಯಾದರು. ಅಪ್ಪಯ್ಯನೂ ಖುಷಿಯಾದ. ಹಾರ್ಮೋನಿಯಂ ಮೇಲಿನ ಬಟ್ಟೆ ಮಾತ್ರ ವಾರಗಟ್ಟಲೆ ತೆಗೆಯದೆ ಉಳಿಯತೊಡಗಿತು. ಅದನ್ನು ಯಾರೂ ಮಾತಾಡಲಿಲ್ಲ. ಮಾತಾಡುವಂಥದ್ದು ಅಂತ ಅನ್ನಿಸಿಯೂ ಇರಲಿಲ್ಲ.

ಈಗ ನಾನು ಧಾರವಾಡದಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಗಲು ಶಿಲೀಂಧ್ರದ ಸಂಗಡ, ಸಂಜೆ ಐದರಿಂದ ಆರು ತಬಲಾದ ಸಂಗಡ. ಹಾಸ್ಟೆಲಿನಲ್ಲಿ ಅಷ್ಟೇ ಹೊತ್ತಿಗೆ ಅನುಮತಿ. ಮೊದಲ ವರ್ಷದ ಶಿಷ್ಯವೇತನ ಬಂದಾಗ ನಾಲ್ಕು ಸಾವಿರದ ಒಂದು ಮೈಕು ತಂದೆ. ಲ್ಯಾಪ್‌ಟಾಪಿಗೆ ಆಡಾಸಿಟಿ ಹಾಕಿಕೊಂಡೆ. 2000ನೇ ಇಸವಿಯಿಂದ ಜಗತ್ತಿನ ಬಡ ಸಂಗೀತಗಾರರೆಲ್ಲ ಬಳಸುತ್ತ ಬಂದಿರುವ, ಇವತ್ತಿಗೂ ದುಡ್ಡು ಕೇಳದ ತಂತ್ರಾಂಶ ಅದು. ಕಪಾಟಿನ ಬಾಗಿಲು ತೆರೆದಿಟ್ಟು, ಬಟ್ಟೆಗಳು ಸದ್ದು ಹೀರಲಿ ಅಂತ ಅದರೆದುರು ಕೂತು, ಎರಡು ಕಂಬಳಿಯನ್ನು ಕಿಟಕಿಗೆ ಕಟ್ಟಿ, ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಬಾರಿಸಿದರೆ ಹೇಗಿರುತ್ತದೆ ಅನ್ನುವುದನ್ನು ಮಾಡಿದವರೇ ಬಲ್ಲರು.

ಇದೇ ಧಾರವಾಡ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಧ್ವನಿಮುದ್ರಣಕ್ಕೆಂದು ಮುಂಬಯಿಗೆ ಹೋಗಬೇಕಾಗಿತ್ತು. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಒಂದು ರಾಗವನ್ನು ಅಷ್ಟರೊಳಗೆ ಮಡಚಿ ಇಡಬೇಕು. ಆಮೇಲೆ 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು. ಅಲ್ಲಿ ಹಾಡಬೇಕೆಂದರೆ ಆಡಿಷನ್, ದರ್ಜೆ. ‘ಬಿ’ ಗ್ರೇಡು ಸಿಕ್ಕಿತೆಂದರೆ ಊರಲ್ಲಿ ಮರ್ಯಾದೆ. ಅಂದರೆ ಸುಮಾರು ಎಂಬತ್ತು ವರ್ಷ, ಯಾರ ದನಿ ಉಳಿಯಬೇಕು ಅನ್ನುವುದನ್ನು ಇನ್ನೊಬ್ಬರು ಯಾರೋ ಬಾಗಿಲಲ್ಲಿ ಕೂತು ತೀರ್ಮಾನ ಮಾಡುತ್ತಿದ್ದರು. ಆ ಬಾಗಿಲು ಈಗ ಇಲ್ಲ. ನನಗೆ ಆ ಬಾಗಿಲಿನ ಬಗ್ಗೆ ಮೋಹವೇನೂ ಇಲ್ಲ. ನಮ್ಮ ಸೀಮೆಯ ಎಷ್ಟು ಹೆಂಗಸರ ದನಿ ಆ ಬಾಗಿಲವರೆಗೂ ಹೋಗದೆ ಅಡುಗೆಮನೆಯಲ್ಲೇ ಮುಗಿಯಿತು ಅನ್ನುವುದು ಗೊತ್ತಿರುವವರಿಗೆ ಇರಲು ಸಾಧ್ಯವೂ ಇಲ್ಲ.

ಆದರೆ ಕಪಾಟಿನೆದುರು ಕೂತವಳಿಗೆ ಬೇರೆಯದೇ ಒಂದು ಸಂಗತಿ ಎದುರಾಗುತ್ತದೆ. ಮೈಕು ಸುಳ್ಳು ಹೇಳುವುದಿಲ್ಲ. ನನ್ನ ಡಗ್ಗಾದ ಮೀಂಡು ಎಡಗೈ ದಣಿದಂತೆ ಚಪ್ಪಟೆಯಾಗುತ್ತದೆ ಅಂತ ಹದಿನೈದು ವರ್ಷದಲ್ಲಿ ಯಾವ ಗುರುಗಳೂ ಹೇಳಿರಲಿಲ್ಲ, ಮೊದಲ ರೆಕಾರ್ಡಿಂಗ್ ಹೇಳಿತು. ಸರಿಮಾಡಿಕೊಂಡೆ. ಆಮೇಲೆ ಸರಿಮಾಡುವುದೇ ಕೆಲಸವಾಯಿತು. ಎಂಟು ನಿಮಿಷದ ಒಂದು ಪೇಷ್ಕಾರ್‌ಗೆ ನಲವತ್ತಾರು ಸಲ ಕೂತಿದ್ದೇನೆ. ಹನ್ನೊಂದನೆಯದರ ಶುರು, ಮೂವತ್ತರ ನಡು, ನಲವತ್ತಾರರ ತಿಹಾಯಿ ಕತ್ತರಿಸಿ ಅಂಟಿಸಿದರೆ ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಬಾರಿಸಿದವರು ಯಾರು? ಬೈಠಕ್ಕಿನಲ್ಲಿ ಸಮ್ ತಪ್ಪಿದರೆ ಹಾರ್ಮೋನಿಯಂನವರು ಒಂದು ನಗೆ ನಕ್ಕು ಮುಂದಿನ ಆವರ್ತನಕ್ಕೆ ಎಳೆದುಕೊಳ್ಳುತ್ತಾರೆ. ಇಲ್ಲಿ ನಗುವವರು ಯಾರೂ ಇಲ್ಲ, ಪರದೆಯ ಮೇಲೆ ಒಂದು ನೀಲಿ ಗೆರೆ.

ಅಪ್ಪಯ್ಯನ ಸಂಗಡ ಮತ್ತೆ ಬಾರಿಸಬೇಕು ಅನ್ನಿಸಿದ್ದು ಹೀಗೆ ಕೂತಾಗಲೇ. ಶಿರಸಿ ಧಾರವಾಡದಿಂದ ಮೂರು ತಾಸಿನ ಮೇಲಿನ ದಾರಿ, ತಿಂಗಳಿಗೊಮ್ಮೆ ಹೋದರೆ ಹೆಚ್ಚು. ವಿಡಿಯೋ ಕರೆಯಲ್ಲಿ ನೋಡೋಣವೆಂದೆ. ಅವನು ಅಂಗಳದ ಮೂಲೆಯ ಸಂಪಿಗೆ ಮರದ ಹತ್ತಿರ ಹಾರ್ಮೋನಿಯಂ ಇಟ್ಟುಕೊಂಡ. ನೆಟ್‌ವರ್ಕ್ ಸಿಗುವ ಜಾಗ ಅದೊಂದೇ. ಅವನ ಹಿಂದೆ ತಂಬೂರಿ ಆಪ್ ಹಾಕಿದ್ದ, ನನಗೆ ಅದು ಕೇಳಲೇ ಇಲ್ಲ. ಕರೆಯ ಆಪುಗಳು ಮನುಷ್ಯರ ಮಾತಿಗೆಂದು ಮಾಡಿದವು. ಒಂದೇ ಸಮ ಬರುವ ಸದ್ದೆಲ್ಲ ಅವುಗಳ ಲೆಕ್ಕದಲ್ಲಿ ಗದ್ದಲ, ಫ್ಯಾನಿನ ಸದ್ದು, ಮಳೆಯ ಸದ್ದು ಇದ್ದ ಹಾಗೆ. ಅದನ್ನು ಹುಡುಕಿ ತೆಗೆದುಹಾಕುತ್ತವೆ. ನಮ್ಮ ಸಂಗೀತ ನಿಂತಿರುವುದೇ ಒಂದೇ ಸಮ ಬರುವ ಒಂದು ಸದ್ದಿನ ಮೇಲೆ ಅಂತ ಅದನ್ನು ಬರೆದವರಿಗೆ ಹೇಳುವವರು ಯಾರು! ಕೆಲವು ಆಪುಗಳಲ್ಲಿ ಈ ಸೋಸುವಿಕೆಯನ್ನು ಆರಿಸಬಹುದು. ಆರಿಸಿದೆವು. ತಂಬೂರಿ ಬಂತು, ಅದರ ಜೊತೆ ಊರಿನ ಜೀರುಂಡೆಗಳೂ ಬಂದವು.

ಆದರೂ ಸಾಥ್ ಆಗಲಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಜಗಲಿಯಲ್ಲಿ ನಾಲ್ಕು ಅಡಿ ದೂರ ಕೂತರೆ ಅಪ್ಪಯ್ಯನ ಸ್ವರ ನನಗೆ ತಲುಪಲು ಮೂರೂವರೆ ಮಿಲಿಸೆಕೆಂಡ್. ಫೋನಿನಲ್ಲಿ ಅದು ಇನ್ನೂರೋ ಮುನ್ನೂರೋ ಮಿಲಿಸೆಕೆಂಡ್ ಆಗುತ್ತದೆ, ಬ್ಲೂಟೂತ್ ಕಿವಿಗಿಟ್ಟುಕೊಂಡರೆ ಇನ್ನೂ ಹೆಚ್ಚು. ನಿಮಿಷಕ್ಕೆ 160 ಮಾತ್ರೆಯ ಲಯದಲ್ಲಿ ಒಂದು ಮಾತ್ರೆ ಅಂದರೆ 375 ಮಿಲಿಸೆಕೆಂಡ್. ಅವನ ಸಮ್ ನನಗೆ ಬರುವ ಹೊತ್ತಿಗೆ ಅವನು ಎರಡನೇ ಮಾತ್ರೆಯ ಬಾಗಿಲಲ್ಲಿರುತ್ತಾನೆ. ಅದಕ್ಕೆ ಸರಿಯಾಗಿ ನಾನು ಹೊಡೆದದ್ದು ಅವನಿಗೆ ಇನ್ನಷ್ಟು ತಡವಾಗಿ ಕೇಳುತ್ತದೆ. ನಾನು ಹಿಂದೆ ಬಿದ್ದೆನೆಂದು ಅವನು ನಿಧಾನ ಮಾಡುತ್ತಾನೆ, ಅವನು ನಿಧಾನ ಮಾಡಿದನೆಂದು ನಾನು. ಐದು ನಿಮಿಷದಲ್ಲಿ ದ್ರುತ್ ಹೋಗಿ ವಿಲಂಬಿತವಾಗಿತ್ತು. ಆಯಿ ಹಿಂದಿನಿಂದ ‘ಇಬ್ರಿಗೂ ನಿದ್ರೆ ಬಂತನ?’ ಅಂದಳು.

ಇದನ್ನು ಕೂಲಂಕಷವಾಗಿ ನೋಡಿದವರಿದ್ದಾರೆ ಅಂತ ಆಮೇಲೆ ತಿಳಿಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಡುವಿನ ಸದ್ದನ್ನು ಬೇಕಾದಷ್ಟು ತಡ ಮಾಡಿ, ಜೊತೆಯಾಗಿ ಚಪ್ಪಾಳೆ ತಟ್ಟಿಸಿದರು. ತಡ ಹೆಚ್ಚಾದಂತೆ ಜೋಡಿಗಳು ನಿಧಾನವಾದವು. ಇದು ನಿರೀಕ್ಷಿಸಿದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ತಡ ತೀರ ಕಡಿಮೆ ಇದ್ದಾಗ, ಸುಮಾರು ಹತ್ತು ಮಿಲಿಸೆಕೆಂಡಿನ ಆಚೀಚೆ ಇದ್ದದ್ದು ಅದಕ್ಕೂ ಕೆಳಗಿಳಿದಾಗ, ಜೋಡಿಗಳು ಓಡತೊಡಗಿದವು. ಅಂದರೆ ಹತ್ತಿರ ಕೂತವರು ಓಡುತ್ತಾರೆ. ಓದುತ್ತಿದ್ದಂತೆ ಲ್ಯಾಬಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಅಪ್ಪಯ್ಯನ ಚಟಕ್ಕೆ ಕಾರಣ ಅದೊಂದೇ ಅಂತ ನಾನು ಹೇಳುವುದಿಲ್ಲ, ಅವನು ಬಸ್ ಹಿಡಿಯುವಾಗಲೂ ಹಾಗೇ. ಆದರೆ ಗುರುಗಳು ಹದಿನೈದು ವರ್ಷ ಬೈದ ಓಟದಲ್ಲಿ ನಾಲ್ಕು ಅಡಿಯ ಪಾಲೂ ಒಂದಿಷ್ಟು ಇತ್ತು.

ಈ ತಡವನ್ನು ಕಡಿಮೆ ಮಾಡಲೆಂದೇ ಸ್ಟ್ಯಾನ್‌ಫರ್ಡ್‌ನವರ ಜ್ಯಾಕ್‌ಟ್ರಿಪ್ ಇದೆ, ಜ್ಯಾಮುಲಸ್ ಅಂತ ಇನ್ನೊಂದಿದೆ, ಎರಡೂ ಪುಕ್ಕಟೆ. ಆದರೆ ತಂತಿ ಹಾಕಿದ ಒಳ್ಳೆಯ ಇಂಟರ್‌ನೆಟ್ ಬೇಕು. ಸಂಪಿಗೆ ಮರಕ್ಕೆ ಯಾವ ತಂತಿ!

ಕಡೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆವು. ಅಪ್ಪಯ್ಯ ಲೆಹರಾ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಕಳಿಸುವುದು, ನಾನು ಅದನ್ನು ಕಿವಿಯಲ್ಲಿ ಹಾಕಿಕೊಂಡು ಬಾರಿಸಿ ಎರಡನ್ನೂ ಸೇರಿಸುವುದು. ಕೊಟ್ಟಿಗೆ ಕೆಲಸಕ್ಕೆ ಮುಂಚೆ ನಸುಕಿನ ನಾಲ್ಕೂವರೆಗೆ ಎದ್ದು ನುಡಿಸಿ ಕಳಿಸುತ್ತಿದ್ದ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಹಾರ್ಮೋನಿಯಂ ಅರ್ಧ ಮುಳುಗಿರುತ್ತಿತ್ತು. ಆದರೂ ಬಂತು. ಸೇರಿಸಿದ್ದು ಕೇಳಲು ಚಂದವೇ ಇತ್ತು, ಗೆಳೆಯರು ಮೆಚ್ಚಿದರು. ನನಗೆ ಮಾತ್ರ ಅಪ್ಪಯ್ಯ ಗಡಿಯಾರ ನುಂಗಿದ ಹಾಗೆ ಕೇಳಿದ. ಎಲ್ಲೂ ಓಡಿರಲಿಲ್ಲ. ಆ ನಾಲ್ಕು ನಿಮಿಷದಲ್ಲಿ ಅವನು ಒಂದು ಸಲವೂ ಅವನಾಗಿರಲಿಲ್ಲ.

ಕೇಳಿದೆ. ಅವನು ಸಲೀಸಾಗಿ ಹೇಳಿದ: ‘ಎದುರಿಗೆ ನೀನೇ ಇಲ್ಲೆ ಕೂಸೆ. ಯಾರಿಗೆ ಹೇಳಿ ಓಡವು?’

ಮನೆ ರೆಕಾರ್ಡಿಂಗ್‌ನ ಬಗ್ಗೆ ನಾನು ಓದಿದ ಯಾವ ಕೈಪಿಡಿಯಲ್ಲೂ ಇದಿಲ್ಲ. ಮೈಕು ಎಷ್ಟು ದೂರ, ದನಿ ಎಷ್ಟು ಎತ್ತರ ಎಲ್ಲ ಇದೆ. ಹಾಳೆಯ ಮೇಲೆ ಹಾಳೆ ಇಟ್ಟ ಹಾಗೆ ಒಂದೊಂದೇ ವಾದ್ಯವನ್ನು ಮುದ್ರಿಸುವಾಗ ಎರಡನೆಯವರು ಮೊದಲನೆಯವರನ್ನು ಕೇಳಬಲ್ಲರು, ಮೊದಲನೆಯವರು ಎರಡನೆಯವರನ್ನು ಕೇಳಲಾರರು. ನಾನು ಏನು ಬಾರಿಸಿದರೂ ನಸುಕಿನ ನಾಲ್ಕೂವರೆಯ ಅಪ್ಪಯ್ಯನಿಗೆ ಅದು ತಟ್ಟುವುದಿಲ್ಲ. ಸಾಥ್ ಅನ್ನುವ ಶಬ್ದಕ್ಕೆ ಇಬ್ಬರೂ ಬೇಕು, ಒಂದೇ ಹೊತ್ತಿಗೆ ಬೇಕು. ಸಿನಿಮಾದವರು ದಶಕಗಳಿಂದ ಹೀಗೇ ಮುದ್ರಿಸುತ್ತ ಬಂದಿದ್ದಾರೆ, ಅವರಿಗದು ಕಸುಬು. ತಿಂಗಳ ಕೊನೆಗೆ ದುಡ್ಡು ಬರುತ್ತದೆ. ಕಾಸಿಲ್ಲದೆ ಬಾರಿಸುವವರಿಗೆ ಬರುತ್ತಿದ್ದದ್ದು ಎದುರಿನವರ ಮುಖವೊಂದೇ.

ಹೀಗೆಲ್ಲ ನಾನು ತತ್ವ ಹೇಳುವಾಗ ನಗುವವಳು ಅತ್ತೆ, ಅಪ್ಪಯ್ಯನ ತಂಗಿ. ಸಿದ್ದಾಪುರದ ಕಡೆ ಕೊಟ್ಟದ್ದು. ಮನೆತನದಲ್ಲಿ ನಿಜವಾದ ಕಂಠ ಇದ್ದದ್ದು ಅವಳಿಗೆ. ಮದುವೆ ಮನೆಯಲ್ಲಿ ನಾಲ್ಕು ಹಾಡು, ಚೌತಿಗೆ ಎರಡು, ಅಲ್ಲಿಗೆ ಮುಗಿಯಿತು. ಬೈಠಕ್ಕಿನಲ್ಲಿ ಹೆಂಗಸರು ಒಳಗಿನಿಂದ ಚಹಾ ಕಳಿಸುತ್ತಿದ್ದರು, ಜಮಖಾನದ ಮೇಲೆ ಕೂರುತ್ತಿರಲಿಲ್ಲ. ನಾನು ಹಾತೊರೆಯುವ ಆ ನಾಲ್ಕು ಅಡಿ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮಗ ಫೋನಿಗೆ ಸ್ಮ್ಯೂಲ್ ಹಾಕಿಕೊಟ್ಟ. ಯುಗಳಗೀತೆಯ ಅರ್ಧವನ್ನು ಹಾಡಿ ಇಟ್ಟರೆ ಇನ್ನರ್ಧವನ್ನು ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಹಾಡಿ ಸೇರಿಸಬಹುದು. ಮಧ್ಯಾಹ್ನ ಎರಡರಿಂದ ಮೂರು, ಮಾವ ಮಲಗಿದ ಹೊತ್ತು, ಉಗ್ರಾಣದ ಕೋಣೆ. ಅಕ್ಕಿಮೂಟೆಗಳ ನಡುವೆ ದನಿ ಎಷ್ಟು ಚೆನ್ನಾಗಿ ಬರುತ್ತದೆಂದರೆ ನನ್ನ ಕಪಾಟಿಗೆ ಹೊಟ್ಟೆಕಿಚ್ಚು. ಅವಳ ಸಂಗಡ ಹಾಡುವವರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮೈಸೂರಿನ ಒಬ್ಬರಿದ್ದಾರೆ, ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಹುಡುಗಿ ಇದ್ದಾಳೆ. ಊರಲ್ಲಿ ಒಂದಿಷ್ಟು ಮಾತು ಬಂತು, ಯಾರೋ ಗಂಡಸಿನ ಸಂಗಡ ಹಾಡುವುದಂತೆ ಅಂತ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಯಾರೆಂದು ತಿಳಿಯದವರಿಗೆ ಜಾಗ ಬಿಟ್ಟು ಹಾಡುವುದು ಹೇಗೆ ಅಂತ ಅವಳನ್ನು ಕೇಳಿದೆ. ‘ಬಾಳೆ ಹಾಕಿಟ್ಟು ಕಾದಾಂಗೆ. ಯಾರಾದ್ರೂ ಉಂಬಲೆ ಬತ್ತ.’ ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಒಂದು ಬಾಳೆ ಹೆಚ್ಚಿಗೆ ಹಾಕುವುದುಂಟು. ಇಷ್ಟಕ್ಕೆ ನನ್ನ ಮೊದಲನೆಯವರು ಎರಡನೆಯವರ ವಾದ ಸೋಲುತ್ತದೋ ಇಲ್ಲವೋ ನಾನು ಹೇಳಲಾರೆ. ಅತ್ತೆ ಮೊದಲರ್ಧ ಹಾಡುವಾಗ ಎದುರಿಗೆ ಯಾರೂ ಇರುವುದಿಲ್ಲ. ನಲವತ್ತು ವರ್ಷ ಅಡುಗೆಮನೆಯಲ್ಲಿ ಹಾಡುವಾಗಲೂ ಇರಲಿಲ್ಲ. ಆಮೇಲಾದರೂ ಯಾರೋ ಬರುತ್ತಾರೆ ಅನ್ನುವುದು ಅವಳಿಗೆ ಲಾಭ. ನನಗೆ ನಷ್ಟವಾಗಿ ಕಂಡದ್ದು ನಾನು ಜಮಖಾನದ ಮೇಲೆ ಕೂತು ಬೆಳೆದವಳಾದ್ದರಿಂದ.

ಊರಿನ ಬೈಠಕ್ಕಿನವರೂ ಒಂದು ಚಾನೆಲ್ ತೆರೆದಿದ್ದಾರೆ. ನೂರಾ ಹನ್ನೆರಡು ಮಂದಿ ಸದಸ್ಯರು, ಅರ್ಧ ನೆಂಟರು. ಕಳೆದ ವರ್ಷ ಅಲ್ಲಿ ಹಾಕಿದ ಒಂದು ಹಳೆಯ ಬಂದಿಶ್‌ಗೆ ಯಾವುದೋ ಕಂಪನಿ ಹಕ್ಕು ಹೇಳಿತು. ರಚಿಸಿದವರು ತೀರಿಕೊಂಡು ತಲೆಮಾರುಗಳು ಕಳೆದಿವೆ. ಯಂತ್ರಕ್ಕೆ ಒಂದು ದನಿಯ ಮುದ್ರೆ ಇನ್ನೊಂದನ್ನು ಹೋಲಿದರೆ ಸಾಕು. ಒಂದೇ ರಾಗ, ಒಂದೇ ಬಂದಿಶ್, ಅದೇ ಆಪಿನ ತಂಬೂರಿ, ಹೋಲದೆ ಏನು ಮಾಡೀತು? ತಕರಾರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಎರಡು ವಾರ ಹಿಡಿಯಿತು, ಹಕ್ಕು ಹಿಂದೆ ಹೋಯಿತು. ಹಾಡಿದವರು ‘ನಂದು ದೊಡ್ಡವರ ಹಾಡಿನಾಂಗೆ ಕೇಳ್ತು ಹೇಳಾತು’ ಅಂತ ವಾರಗಟ್ಟಲೆ ಬೀಗಿದರು.

ಮೊನ್ನೆ ಚೌತಿಗೆ ಹೋದಾಗ ಮೈಕು ಒಯ್ಯಲಿಲ್ಲ. ಜಗಲಿಯಲ್ಲಿ ಕೂತು, ನಡುವೆ ಒಂದು ಫೋನು ಮಗುಚಿಟ್ಟು, ಬಾರಿಸಿದೆವು. ಅತ್ತೆ ಬಂದಿದ್ದಳು, ಜಮಖಾನದ ಮೇಲೇ ಕೂತಳು. ಯಾರೂ ಏನೂ ಅನ್ನಲಿಲ್ಲ. ಮೊದಲು ಅವಳು ಎರಡು ಹಾಡಿದಳು, ಆಮೇಲೆ ನಾನು ಮತ್ತು ಅಪ್ಪಯ್ಯ. ಧಾರವಾಡಕ್ಕೆ ಬಂದು ಫೈಲನ್ನು ಆಡಾಸಿಟಿಗೆ ಹಾಕಿ ಮಾತ್ರೆ ಎಣಿಸಿದೆ. ಶುರುವಾದದ್ದು ನಿಮಿಷಕ್ಕೆ 160. ಮುಗಿದದ್ದು 188. ನಡುವೆ ಮಳೆ ಬಂದು ಹೋಗುತ್ತದೆ, ಯಾರೋ ಕೆಮ್ಮುತ್ತಾರೆ, ಆಯಿ ‘ಚಾ ತಣಿತು’ ಅನ್ನುತ್ತಾಳೆ. ಕಡೆಯ ತಿಹಾಯಿಗೆ ನಾನು ಇನ್ನೂ ದೂರದಲ್ಲಿರುವಾಗಲೇ ಅಪ್ಪಯ್ಯ ಹೊರಟುಬಿಟ್ಟಿದ್ದಾನೆ, ನಾನೂ ಹಿಂದೆಯೇ.

ಅದನ್ನು ಎಲ್ಲಿಗೂ ಹಾಕಿಲ್ಲ. ಕಳಿಸು ಅಂತ ಅಪ್ಪಯ್ಯ ಎರಡು ಸಲ ಫೋನ್ ಮಾಡಿದ್ದ, ಕಳಿಸಿದ್ದೇನೆ. ಅತ್ತೆಗೆ ಅವಳ ಎರಡು ಹಾಡು ಬೇರೆ ಮಾಡಿ ಕೊಡಬೇಕಂತೆ, ಮಸ್ಕತ್ತಿನ ಹುಡುಗಿ ಕೇಳಿದ್ದಾಳಂತೆ. ಈ ಭಾನುವಾರ ಕೂರಬೇಕು.